ಸೋಲಿಲ್ಲದವರು

ಕಳೆದ ಡಿಸೆಂಬರ್ ತಿಂಗಳಿನಲ್ಲಿ ನಮ್ಮ ಮನೆಯಲ್ಲಿ ಒಂದು ಧರ್ಮಸಂಕಟ ಹುಟ್ಟಿಕೊಂಡಿತು. ಅದಕ್ಕೆ ಕಾರಣ ಒಂದು ಕಾಲ್ಚೆಂಡು. ಪರಸ್ಥಳದಲ್ಲಿ ಮನೆ ಹೂಡಿಕೊಂಡಿರುವ ನಮ್ಮಂಥವರಿಗೆ ಅದು ಎಂದಾದರೊಂದು ದಿನ ಎದುರಾಗುವಂಥದೇ ಆದ್ದರಿಂದ, ಸಂಘದ ವಾಚಕ ಬಂಧುಗಳ ಮುಂದೆ ಇಡೋಣವೆಂದು ಬರೆಯಲು ಕುಳಿತಿದ್ದೇನೆ.

ನನ್ನ ಮಗನಿಗೆ ಈಗ ಹನ್ನೆರಡು ವರ್ಷ. ಪುಣೆಯಲ್ಲೇ ಹುಟ್ಟಿ ಬೆಳೆದವನು. ಶಾಲೆಯಲ್ಲಿ ಮರಾಠಿ, ಇಂಗ್ಲಿಷು; ಮನೆಯೊಳಗೆ ಕಾಲಿಟ್ಟರೆ ಕನ್ನಡ. ಪಾಠದಲ್ಲಿ ಹೇಗೋ ಏನೋ, ಫುಟ್‌ಬಾಲ್ ಆಟದಲ್ಲಿ ಮಾತ್ರ ಮಾಸ್ತರರ ಮೆಚ್ಚಿನ ಹುಡುಗ. ಆ ವರ್ಷ ಅವನ ಶಾಲೆಯ ತಂಡ ಆಡಿದ ಪಂದ್ಯಗಳಲ್ಲಿ ಒಂದನ್ನೂ ಸೋತಿರಲಿಲ್ಲ. ಹುಡುಗರ ಕಾಲು ನೆಲದ ಮೇಲೆ ಇರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ವರ್ಷದ ಕೊನೆಯಲ್ಲಿ ಒಂದು ಪಂದ್ಯಾವಳಿ; ಅದಕ್ಕೆ ಹೊರ ಊರುಗಳ ತಂಡಗಳಿಗೂ ಆಹ್ವಾನ. ಯಾರು ಯಾರ ಮೇಲೆ ಆಡಬೇಕೆಂಬ ಪಟ್ಟಿ ಹೊರಬಿದ್ದಾಗ ನಮ್ಮ ಹುಡುಗನ ಪಾಲಿಗೆ ಬಂದದ್ದು ಬೆಂಗಳೂರಿನ ಒಂದು ಶಾಲೆಯ ತಂಡ.

ಅಂದು ರಾತ್ರಿ ಊಟಕ್ಕೆ ಕುಳಿತಾಗ ಅವನು ಅನ್ನ ಕಲಸುತ್ತಾ ಕೇಳಿದ: “ಅಪ್ಪಾ, ಮುತ್ತಾತನ ಊರು ಬೆಂಗಳೂರು ಅಲ್ವಾ? ಅವರ ಮೇಲೆ ನಾನು ಗೋಲ್ ಹೊಡೆದರೆ ಮುತ್ತಾತ ಬೇಜಾರು ಮಾಡ್ಕೋತಾರಾ?”

ನಾನು ಸರಕಾರಿ ಕಚೇರಿಯ ಗುಮಾಸ್ತ. ಉತ್ತರ ಹೊಳೆಯದ ಕಡತ ಬಂದರೆ, ಮೇಲಿನವರ ಅಪ್ಪಣೆಗಾಗಿ ಎಂದು ಒಂದು ಸಾಲು ಗೀಚಿ ಮುಂದಕ್ಕೆ ತಳ್ಳುವುದು ನಮ್ಮ ಕುಲಧರ್ಮ. ಇಲ್ಲಿಯೂ ಹಾಗೆಯೇ ಮಾಡಿದೆ. “ನಾಳೆ ಮುತ್ತಾತನನ್ನೇ ಕೇಳು” ಎಂದೆ.

ಮುತ್ತಾತ ಎಂದರೆ ನನ್ನ ತಾತ, ನಮ್ಮ ತಂದೆಯವರ ತಂದೆ. ಎಂಬತ್ತೇಳು ದಾಟಿದೆ. ಹುಟ್ಟಿದ್ದು ಬೆಂಗಳೂರಿನ ಹಲಸೂರಿನಲ್ಲಿ. 1960ರಲ್ಲಿ ಖಡಕಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದರು. ಆಗ ಹುಬ್ಬಳ್ಳಿ, ಮಿರಜ್ ಮಾರ್ಗವಾಗಿ ಮೀಟರ್ ಗೇಜ್ ಗಾಡಿ ಪುಣೆಯವರೆಗೆ ಬರುತ್ತಿತ್ತು. ಮುಂಬಯಿಗೆ ಹೋಗುವವರು ಇಲ್ಲಿ ಇಳಿದು ದೊಡ್ಡ ಗಾಡಿ ಹಿಡಿಯಬೇಕಿತ್ತು. “ಎಲ್ಲರೂ ಗಾಡಿ ಬದಲಾಯಿಸಿದರು, ನಾನು ಊರನ್ನೇ ಬದಲಾಯಿಸಿದೆ” ಎಂದು ತಾತ ಈಗಲೂ ನಗುತ್ತಾರೆ. ಖಡಕಿಯಲ್ಲಿ ಅವರಿಗೆ ಅಷ್ಟೇನೂ ಪರಕೀಯವೆನಿಸಲಿಲ್ಲವಂತೆ. ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಸ್ಯಾಪರ್ಸ್ ದಂಡು, ಖಡಕಿಯಲ್ಲಿ ಬಾಂಬೆ ಸ್ಯಾಪರ್ಸ್ ದಂಡು. ಅಲ್ಲಿಯೂ ಬೆಳಿಗ್ಗೆ ತುತ್ತೂರಿ, ಇಲ್ಲಿಯೂ ಬೆಳಿಗ್ಗೆ ತುತ್ತೂರಿ. ಅಲ್ಲಿಯೂ ಸಂಜೆ ಮೈದಾನದಲ್ಲಿ ಕಾಲ್ಚೆಂಡು, ಇಲ್ಲಿಯೂ ಅದೇ.

ಮರುದಿನ ಹುಡುಗ ಪ್ರಶ್ನೆ ಇಟ್ಟ ಕೂಡಲೇ ತಾತ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅದು ದೊಡ್ಡ ಕಥೆ ಬರುವ ಲಕ್ಷಣ. ಅವರು ಹೇಳಿದ್ದನ್ನು, ನಾನು ಓದಿ ತಿಳಿದದ್ದರೊಂದಿಗೆ ಕೂಡಿಸಿ, ಇಲ್ಲಿ ಬರೆಯುತ್ತೇನೆ.

ಬೆಂಗಳೂರು ದಂಡಿನಲ್ಲಿ ಕಾಲ್ಚೆಂಡಾಟವನ್ನು ತಂದವರು ಬ್ರಿಟಿಷ್ ಸಿಪಾಯಿಗಳು. 1809ರಲ್ಲಿ ಅಲ್ಲಿ ದಂಡು ನೆಲೆಯೂರಿತು. ಬೇಲಿಯಾಚೆ ನಿಂತು ನೋಡಿದ ನಮ್ಮ ಬಡ ಹುಡುಗರು ಆಟವನ್ನು ಕಣ್ಣಿನಲ್ಲೇ ಕಲಿತರು. ಬೂಟು ಕೊಳ್ಳಲು ಕಾಸಿಲ್ಲದ್ದರಿಂದ ಬರಿಗಾಲಿನಲ್ಲೇ ಆಡಿದರು. ಹಲಸೂರು, ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ ಇವೆಲ್ಲ ಆಟಗಾರರ ಬೀಡುಗಳಾದವು. ಮನೆಯಲ್ಲಿ ಒಬ್ಬನದು ತಮಿಳು, ಪಕ್ಕದವನದು ಉರ್ದು, ಎದುರು ಮನೆಯವನದು ತೆಲುಗು, ಅಂಗಡಿಯವನದು ಕನ್ನಡ. ಚೆಂಡಿಗೆ ಮಾತ್ರ ಭಾಷೆಯಿಲ್ಲ.

ಅತ್ತ ಮುಂಬಯಿಯಲ್ಲಿ 1891ರಲ್ಲಿ ರೋವರ್ಸ್ ಕಪ್ ಎಂಬ ಪಂದ್ಯಾವಳಿ ಆರಂಭವಾಗಿತ್ತು. ಮೊದಲನೆಯ ವರ್ಷ ಅದನ್ನು ಗೆದ್ದದ್ದು ವೂಸ್ಟರ್‌ಷೈರ್ ರೆಜಿಮೆಂಟು. ಅಲ್ಲಿಂದ ಮುಂದೆ ವರ್ಷ ವರ್ಷವೂ ಒಂದಲ್ಲ ಒಂದು ಗೋರಾ ಪಲ್ಟನ್ನೇ ಆ ಕಪ್ಪನ್ನು ಹೊತ್ತೊಯ್ಯುತ್ತಿತ್ತು. 1911ರಲ್ಲಿ ಕಲಕತ್ತೆಯ ಮೋಹನ್ ಬಾಗಾನ್ ತಂಡ ಬಹುಮಟ್ಟಿಗೆ ಬರಿಗಾಲಿನಲ್ಲೇ ಆಡಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದಿತು, ದೇಶವೆಲ್ಲ ಕುಣಿದಾಡಿತು. ಆದರೆ 1923ರಲ್ಲಿ ಅದೇ ತಂಡ ರೋವರ್ಸ್ ಕಪ್ಪಿನ ಅಂತಿಮ ಪಂದ್ಯದವರೆಗೆ ಬಂದು ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಕೈಯಲ್ಲಿ ಸೋತು ಹಿಂದಿರುಗಬೇಕಾಯಿತು.

1937ರಲ್ಲಿ ಆ ಬೀಗ ಒಡೆಯಿತು. ಒಡೆದವರು ಕಲಕತ್ತೆಯವರೂ ಅಲ್ಲ, ಮುಂಬಯಿಯವರೂ ಅಲ್ಲ. ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮೂರಿನ ತಂಡ. ಅಂತಿಮ ಪಂದ್ಯದಲ್ಲಿ ಎದುರಿಗಿದ್ದವರು ಸಾಮಾನ್ಯರಲ್ಲ. ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಐದು ವರ್ಷ ಬಿಡದೆ ಕಲಕತ್ತಾ ಲೀಗನ್ನು ಗೆದ್ದವರು, 1936ರಲ್ಲಿ ಷೀಲ್ಡನ್ನೂ ಗೆದ್ದವರು. ಅಂಥವರನ್ನು ಬೆಂಗಳೂರಿನವರು 1-0ರಿಂದ ಸೋಲಿಸಿದರು. ರೋವರ್ಸ್ ಕಪ್ಪಿನ ಮೇಲೆ ಭಾರತೀಯ ತಂಡದ ಹೆಸರು ಬಿದ್ದದ್ದು ಅದೇ ಮೊದಲು. 1938ರಲ್ಲಿ ಮತ್ತೆ ಅವರೇ ಗೆದ್ದರು. ಹತ್ತು ವರ್ಷ ಕಳೆದು, ಸ್ವತಂತ್ರ ಭಾರತದಲ್ಲಿ, 1948ರಲ್ಲಿ ಮೂರನೆಯ ಬಾರಿ ಗೆದ್ದರು.

ಕಪ್ ಪಂದ್ಯಾವಳಿಯ ಸ್ವಾರಸ್ಯವೊಂದನ್ನು ಇಲ್ಲಿ ಹೇಳಬೇಕು. ಲೀಗ್ ಎಂದರೆ ಒಂದು ಪಂದ್ಯ ಸೋತರೂ ಮುಂದಿನದರಲ್ಲಿ ಸರಿಪಡಿಸಿಕೊಳ್ಳಬಹುದು. ಕಪ್ಪಿನಲ್ಲಿ ಹಾಗಿಲ್ಲ. ಒಂದು ಸಲ ಸೋತರೆ ಹಾಸಿಗೆ ಸುತ್ತಿಕೊಂಡು ಗಾಡಿ ಹತ್ತುವುದೇ. ಕಪ್ಪನ್ನು ಮನೆಗೆ ತಂದವರೆಂದರೆ ಆ ಮೈದಾನದಲ್ಲಿ ಯಾರಿಗೂ ಸೋಲದವರು ಎಂದೇ ಅರ್ಥ. ಸೋಲಿಲ್ಲದ ತಂಡವೆಂದು ಬೀಗುತ್ತಿದ್ದ ನಮ್ಮ ಹುಡುಗನಿಗೆ ಇದನ್ನು ಕೇಳಿ ಮುಖ ಅರಳಿತು.

“ನೀನು ನೋಡಿದೀಯಾ ಮುತ್ತಾತ?” ಎಂದ.

“1937ರಲ್ಲಿ ನಾನು ಇನ್ನೂ ಹುಟ್ಟೇ ಇರಲಿಲ್ಲ ಕಣೋ. ಆದರೆ ಇನ್ನೊಂದು ನೋಡಿದೀನಿ.”

ಆ ಇನ್ನೊಂದು ಯಾವುದೆಂದರೆ ಸಂತೋಷ್ ಟ್ರೋಫಿ. ಪ್ರಾಂತ ಪ್ರಾಂತಗಳ ತಂಡಗಳು ಸೆಣಸುವ ಈ ಪಂದ್ಯಾವಳಿ 1941ರಲ್ಲಿ ಆರಂಭವಾಯಿತು. ಸಂತೋಷ್ ಎಂಬುದು ಪೂರ್ವ ಬಂಗಾಳದ ಒಂದು ಸ್ಥಳ. ಅಲ್ಲಿನ ಮಹಾರಾಜರ ಹೆಸರಿನಲ್ಲಿ ಟ್ರೋಫಿ. ಆ ಕಾಲದಲ್ಲಿ ಬಂಗಾಳವನ್ನು ಮಣಿಸುವುದೆಂದರೆ ಬೆಟ್ಟವನ್ನು ಅಲುಗಿಸಿದಂತೆ. 1946-47ರಲ್ಲಿ ಮೈಸೂರು ತಂಡ ಆ ಬಂಗಾಳವನ್ನೇ ಸೋಲಿಸಿ ಟ್ರೋಫಿ ಗೆದ್ದಿತು. ಮುಂದೆ ಮತ್ತೆ ಬಂಗಾಳದವರದೇ ರಾಜ್ಯಭಾರ. ಆಮೇಲೆ 1952-53ರಲ್ಲಿ ಬೆಂಗಳೂರಿನಲ್ಲೇ ಪಂದ್ಯಾವಳಿ ನಡೆದಾಗ ಮೈಸೂರು ಮತ್ತೆ ಬಂಗಾಳವನ್ನು 1-0ರಿಂದ ಮಣಿಸಿತು.

ತಾತನಿಗೆ ಆಗ ಹದಿನಾಲ್ಕು ಹದಿನೈದು ವಯಸ್ಸು. ಟಿಕೀಟಿಗೆ ದುಡ್ಡಿಲ್ಲದೆ ಗೆಳೆಯರೊಡನೆ ಒಂದು ಮರ ಹತ್ತಿ ಕುಳಿತಿದ್ದರಂತೆ. ಗೋಲು ಬಿದ್ದ ಹೊತ್ತಿಗೆ ಸರಿಯಾಗಿ ಮೇಲಿನ ಕೊಂಬೆಯ ಮಹಾರಾಯ ಸಂತೋಷ ತಡೆಯಲಾರದೆ ಕಾಲು ಕೆಳಗೆ ಬಿಟ್ಟು ಇವರ ಕಣ್ಣು ಮುಚ್ಚಿಬಿಟ್ಟ! “ಗೋಲು ನಾನು ನೋಡಲಿಲ್ಲ, ಕೇಳಿದೆ” ಎನ್ನುತ್ತಾರೆ ತಾತ. “ಆ ಸದ್ದು ಈಗಲೂ ಕಿವಿಯಲ್ಲಿದೆ.”

ಇಲ್ಲಿಗೆ ಕಥೆ ನಿಲ್ಲಬಹುದಾಗಿತ್ತು. ಆದರೆ ನಮ್ಮ ಹುಡುಗ ಸುಮ್ಮನಿರಬೇಕಲ್ಲ! ಬೆಂಗಳೂರಿನವರ ಮೇಲೆ ಆಡುವುದಕ್ಕೆ ಹೊಸ ಬೂಟು ಬೇಕೆಂದು ಹಟ ಹಿಡಿದ. ಕ್ಯಾಂಪಿನ ಅಂಗಡಿಯಲ್ಲಿ ಬೆಲೆ ಕೇಳಿ ಬಂದಿದ್ದೆ, 2,800 ರೂಪಾಯಿ. ತಿಂಗಳ ಕೊನೆಯ ವಾರ ಬೇರೆ. ನನ್ನ ಮುಖ ನೋಡಿದ ತಾತ, “ಲಂಡನ್ನಿನಲ್ಲೇ ನಮ್ಮವರು ಬರಿಗಾಲಲ್ಲಿ ಆಡಿದರಪ್ಪ” ಎಂದು ಮುಂದಿನ ಅಧ್ಯಾಯಕ್ಕೆ ತೊಡಗಿದರು.

1948ರ ಜುಲೈ 31. ಸ್ವತಂತ್ರ ಭಾರತದ ತಂಡ ಲಂಡನ್ ಒಲಿಂಪಿಕ್ಸಿನಲ್ಲಿ ಇಲ್ಫರ್ಡಿನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಫ್ರಾನ್ಸಿನ ಎದುರು ನಿಂತಿತು. ಬಹುಪಾಲು ಆಟಗಾರರ ಕಾಲಲ್ಲಿ ಬೂಟಿಲ್ಲ. ಕೆಲವರು ಪಟ್ಟಿ ಸುತ್ತಿಕೊಂಡಿದ್ದರು, ಅಷ್ಟೆ. ನಾಯಕ ನಾಗಾ ನಾಡಿನ ತಾಲಿಮೆರೆನ್ ಆವೊ. ತಂಡದಲ್ಲಿ ಬೆಂಗಳೂರಿನವರೇ ಹಲವರು: ಸಾರಂಗಪಾಣಿ ರಾಮನ್, ಅಹಮದ್ ಖಾನ್, ಕೆ. ಪಿ. ಧನರಾಜ್. ಫ್ರಾನ್ಸ್ ಮೊದಲು ಒಂದು ಗೋಲು ಹೊಡೆಯಿತು. ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ವ್ಯರ್ಥವಾದವು. 70ನೆಯ ನಿಮಿಷದಲ್ಲಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಮೊಟ್ಟಮೊದಲ ಒಲಿಂಪಿಕ್ ಫುಟ್‌ಬಾಲ್ ಗೋಲು ಬೆಂಗಳೂರಿನ ಕಾಲಿನಿಂದ ಬಂತು! ಆದರೆ ಆಟ ಮುಗಿಯಲು ಒಂದೇ ನಿಮಿಷವಿದ್ದಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಿಂದ ಗೆದ್ದಿತು. ಸೋತವರಿಗೇ ಜನ ಎದ್ದು ಚಪ್ಪಾಳೆ ತಟ್ಟಿದರು.

ಇನ್ನು ಹುಡುಗನ ಪ್ರಶ್ನೆಗೆ ಉತ್ತರ. ಅದು ಅಹಮದ್ ಖಾನರ ಬಾಳಿನಲ್ಲೇ ಇದೆ.

ಅಹಮದ್ ಖಾನ್ 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಚೆಂಡು ಅವರ ಕಾಲಿಗೆ ಅಂಟಿಕೊಂಡು ಓಡುತ್ತಿದ್ದ ರೀತಿ ನೋಡಿ ಜನ ಅವರನ್ನು ಹಾವಾಡಿಗ ಎಂದು ಕರೆದರು. ಆದರೆ ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ. ಅಂದಿನ ಕಾಲಕ್ಕೆ ಕಾಲ್ಚೆಂಡಿನ ರಾಜಧಾನಿ ಕಲಕತ್ತೆ. ಅಹಮದ್ ಖಾನ್, ಧನರಾಜ್ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೆ ಹೋಗಿ ಈಸ್ಟ್ ಬೆಂಗಾಲ್ ಕ್ಲಬ್ಬನ್ನು ಸೇರಿದರು. ಆಂಧ್ರದ ಅಪ್ಪಾರಾವ್, ತಿರುವಾಂಕೂರಿನ ಸಾಲೇ, ಜೊತೆಗೆ ವೆಂಕಟೇಶ್. ಮುಂದಿನ ಸಾಲಿನ ಈ ಐವರನ್ನು ಬಂಗಾಳದ ಜನ ಪಂಚಪಾಂಡವರೆಂದೇ ಕರೆದರು. ಐವರಲ್ಲಿ ಒಬ್ಬರ ಮಾತೃಭಾಷೆಯೂ ಬಂಗಾಳಿಯಲ್ಲ.

ಆ ಕ್ಲಬ್ಬಾದರೂ ಯಾರದು? 1920ರಲ್ಲಿ ಅದನ್ನು ಕಟ್ಟಿದವರು ಪೂರ್ವ ಬಂಗಾಳದಿಂದ ಕಲಕತ್ತೆಗೆ ಬಂದು ನೆಲಸಿದ್ದವರು. 1947ರಲ್ಲಿ ದೇಶ ಇಬ್ಭಾಗವಾಗಿ ಮನೆಮಠ ಕಳೆದುಕೊಂಡು ಬಂದ ಲಕ್ಷಾಂತರ ಜನರಿಗೆ ಆ ಹೆಸರು ಕಳೆದುಹೋದ ಊರಿನ ನೆನಪಾಗಿ ಉಳಿಯಿತು. ಊರು ಕಳೆದುಕೊಂಡವರ ಮಾನವನ್ನು ಊರು ಬಿಟ್ಟು ಬಂದ ಐವರು ಎತ್ತಿ ಹಿಡಿದರು. 1949ರಲ್ಲಿ ಈಸ್ಟ್ ಬೆಂಗಾಲ್ ಒಂದೇ ವರ್ಷದಲ್ಲಿ ಕಲಕತ್ತಾ ಲೀಗ್, ಐ.ಎಫ್.ಎ. ಷೀಲ್ಡ್, ಮುಂಬಯಿಯ ರೋವರ್ಸ್ ಕಪ್ ಮೂರನ್ನೂ ಗೆದ್ದಿತು. 1949, 1950, 1951 ಮೂರು ವರ್ಷವೂ ಷೀಲ್ಡು ಅವರದೇ.

ಹೀಗೆ ಕಲಕತ್ತೆಯ ಕ್ಲಬ್ಬಿಗೆ ಸೇರಿದ ಅಹಮದ್ ಖಾನ್ ಸಂತೋಷ್ ಟ್ರೋಫಿಯಲ್ಲೂ ಬಂಗಾಳದ ಅಂಗಿ ತೊಟ್ಟು ಆಡಿದರು. ಹೌದು, ಹಲಸೂರಿನ ಹುಡುಗರು ಮರ ಹತ್ತಿ ಯಾವ ತಂಡ ಸೋಲಲೆಂದು ಹರಕೆ ಹೊರುತ್ತಿದ್ದರೋ ಆ ತಂಡದ ಅಂಗಿಯನ್ನೇ. “ನಮಗೆ ಸಿಟ್ಟು ಬರಲಿಲ್ಲವೇ?” ಎಂದು ತಾತ ತಾವೇ ಪ್ರಶ್ನೆ ಹಾಕಿಕೊಂಡು ತಾವೇ ಉತ್ತರಿಸಿದರು: “ಅವರ ಅನ್ನ ಅಲ್ಲಿತ್ತು. ಅನ್ನ ಕೊಟ್ಟ ಊರಿಗೆ ಆಡಬೇಕು. ಪೂರ್ತಿ ಮನಸ್ಸಿಟ್ಟು ಆಡಬೇಕು. ಅರೆಮನಸ್ಸಿನಲ್ಲಿ ಆಡಿದರೆ ಹುಟ್ಟಿದ ಊರಿಗೂ ಅವಮಾನ.”

1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಭಾರತ ಯುಗೋಸ್ಲಾವಿಯದ ಕೈಯಲ್ಲಿ 10-1ರಿಂದ ಸೋತಿತು. ಆ ಚಳಿಯಲ್ಲಿ ಬರಿಗಾಲಿನ ಆಟ ನಡೆಯಲಿಲ್ಲ. ಅದಾದ ಮೇಲೆಯೇ ನಮ್ಮಲ್ಲಿ ಬೂಟು ಕಡ್ಡಾಯವಾಯಿತು. ಹತ್ತರ ಎದುರಿಗಿನ ಆ ಒಂದು ಗೋಲು ಅಹಮದ್ ಖಾನರದು.

ಅದೇ ಹೆಲ್ಸಿಂಕಿಯಲ್ಲಿ ಓಟದ ಕಣದಲ್ಲಿ ಅಮೆರಿಕದ ಒಬ್ಬ ತರುಣನಿದ್ದ. ಹೆಸರು ಓಲಿ ಮ್ಯಾಟ್ಸನ್. 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ಗೆದ್ದ. ಅವನ ಕಾಲೇಜಿನ ಕಥೆ ನಮ್ಮ ಮಾತಿಗೆ ಹತ್ತಿರದ್ದು. ಅಮೆರಿಕದವರ ಫುಟ್‌ಬಾಲ್ ಬೇರೆ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. 1951ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ತಂಡ ಒಂಬತ್ತು ಪಂದ್ಯ ಆಡಿ ಒಂಬತ್ತನ್ನೂ ಗೆದ್ದಿತು. ಅಲ್ಲಿನ ಪದ್ಧತಿಯಂತೆ ಅಂಥ ತಂಡವನ್ನು ವರ್ಷಾಂತ್ಯದ ದೊಡ್ಡ ಪಂದ್ಯಕ್ಕೆ ಕರೆಯಬೇಕು. ಕರೆದರೆ ಹಣವೂ ಉಂಟು, ಕೀರ್ತಿಯೂ ಉಂಟು. ಆದರೆ ತಂಡದಲ್ಲಿ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬ ಇಬ್ಬರು ಕಪ್ಪು ವರ್ಣದವರಿದ್ದರು. ಆ ಇಬ್ಬರನ್ನು ಊರಲ್ಲಿ ಬಿಟ್ಟು ಬಂದರೆ ದಕ್ಷಿಣ ಭಾಗದ ಪಂದ್ಯಕ್ಕೆ ಅವಕಾಶವುಂಟೆಂಬ ಸೂಚನೆ ಬಂತು. ಉಳಿದ ಹುಡುಗರು ಒಂದೇ ಮಾತಿನಲ್ಲಿ ಒಲ್ಲೆವೆಂದರು. ಕರೆ ಬರಲಿಲ್ಲ. ಹಣದ ಕೊರತೆಯಿಂದ ಆ ವರ್ಷವೇ ವಿಶ್ವವಿದ್ಯಾಲಯ ತಂಡವನ್ನು ಮುಚ್ಚಿತು. ಅದೇ ಟೋಲರ್ 1965ರಲ್ಲಿ ಅಲ್ಲಿನ ವೃತ್ತಿಪರ ಲೀಗಿನ ಮೊದಲ ಕಪ್ಪು ವರ್ಣದ ತೀರ್ಪುಗಾರನಾದ. ಒಂಬತ್ತು ಗೆಲುವಿಗಿಂತ ಆ ಒಂದು ನಿರಾಕರಣೆಯಿಂದಲೇ ಜನ ಈಗಲೂ ಆ ತಂಡವನ್ನು ನೆನೆಯುತ್ತಾರೆ.

ಒಂದೇ ಅಂಗಿ ತೊಟ್ಟವರೆಲ್ಲ ಒಂದು ತಂಡ. ಅದರಲ್ಲಿ ಇವನು ನಮ್ಮವನು, ಅವನು ಹೊರಗಿನವನು ಎಂಬ ಗೆರೆ ಎಳೆಯಬಾರದು. ಕಲಕತ್ತೆಯ ಜನ ಆ ಐವರಿಗೆ ಗೆರೆ ಎಳೆಯಲಿಲ್ಲ. ಪುಣೆಯ ಶಾಲೆಯಲ್ಲಿ ನನ್ನ ಮಗನಿಗೂ ಯಾರೂ ಎಳೆದಿಲ್ಲ. ಅಂದಮೇಲೆ ಅವನು ತನ್ನೊಳಗೆ ತಾನೇ ಏಕೆ ಎಳೆದುಕೊಳ್ಳಬೇಕು?

ಮುಂದಿನದನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. ಮೈಸೂರು ತಂಡ 1967-68, 1968-69ರಲ್ಲಿ ಬೆನ್ನುಬೆನ್ನಿಗೆ ಸಂತೋಷ್ ಟ್ರೋಫಿ ಗೆದ್ದಿತು. ಆಮೇಲೆ ದೀರ್ಘ ಬರಗಾಲ. ರಾಜ್ಯದ ಹೆಸರು ಕರ್ನಾಟಕವಾಗಿ ಐವತ್ತು ವರ್ಷವಾಗುತ್ತ ಬಂದಾಗ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಟ್ರೋಫಿ ಎತ್ತಿತು. 54 ವರ್ಷಗಳ ಮೇಲೆ! ಮುಂಬಯಿಯ ರೋವರ್ಸ್ ಕಪ್ ಮಾತ್ರ 2000-01ರ ನಂತರ ನಡೆಯಲಿಲ್ಲ. ಅಹಮದ್ ಖಾನ್ ಕೊನೆಗೆ ಬೆಂಗಳೂರಿಗೇ ಹಿಂದಿರುಗಿ, 2017ರ ಆಗಸ್ಟಿನಲ್ಲಿ, ತೊಂಬತ್ತು ದಾಟಿದ ಮೇಲೆ, ಅಲ್ಲಿಯೇ ಕಣ್ಣು ಮುಚ್ಚಿದರು. ಗೌತಮಪುರದಲ್ಲಿ ಅಂಬೇಡ್ಕರರ ಪ್ರತಿಮೆಯ ಸನಿಹದಲ್ಲೇ ಬ್ರೆಜಿಲಿನ ಪೆಲೆಯ ಪ್ರತಿಮೆಯೂ ಇದೆ. ಆ ಓಣಿಗಳಲ್ಲಿ ಹುಡುಗರು ಇಂದಿಗೂ ಚೆಂಡು ಒದೆಯುತ್ತಾರೆ.

ಬೂಟು ಕೊಡಿಸಿದೆ. ಕಾಲ ಬದಲಾಗಿದೆ, ಬರಿಗಾಲಿನಲ್ಲಿ ಆಡು ಎಂದರೆ ಮಾಸ್ತರರು ಒಪ್ಪುವುದಿಲ್ಲ.

ಪಂದ್ಯದ ದಿನ ಬೆಳಿಗ್ಗೆ ತಾತ ತಾವೂ ಬರುವೆನೆಂದು ಪಟ್ಟು ಹಿಡಿದರು. ರಿಕ್ಷಾದಲ್ಲಿ ಕರೆದೊಯ್ದು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿ, ಮಫ್ಲರ್ ಸುತ್ತಿ ಕೂರಿಸಿದೆವು. ನಮ್ಮ ಹುಡುಗ ಮೈಯೆಲ್ಲ ಕಣ್ಣಾಗಿ ಆಡಿದ. ಒಮ್ಮೆ ಅವನು ಹೊಡೆದ ಚೆಂಡು ಗೋಲಿನ ಕಂಬಕ್ಕೆ ತಗುಲಿ ಹಿಂದೆ ಬಂತು. ಬೆಂಗಳೂರಿನ ಹುಡುಗರು ಚುರುಕಾಗಿದ್ದರು. ಕೊನೆಗೆ ಅವರೇ 1-0ರಿಂದ ಗೆದ್ದರು. ವರ್ಷವೆಲ್ಲ ಸೋಲು ಕಾಣದ ತಂಡ ಕೊನೆಯಲ್ಲಿ ಸೋಲು ಕಂಡಿತು.

ಮಗ ಬೂಟು ಬಿಚ್ಚಿ ಕೈಯಲ್ಲಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ತಾತನ ಮುಂದೆ ಬಂದು ನಿಂತ. ಅಷ್ಟರಲ್ಲಿ ತಾತ ಬೆಂಗಳೂರಿನ ನಾಲ್ಕಾರು ಹುಡುಗರನ್ನು ಹತ್ತಿರ ಕರೆದು, “ಯಾವ ಕಡೆಯವರಪ್ಪ ನೀವು? ಹಲಸೂರಿನವರು ಯಾರಾದರೂ ಇದೀರಾ?” ಎಂದು ವಿಚಾರಿಸುತ್ತಿದ್ದರು. ಪುಣೆಯ ಮೈದಾನದಲ್ಲಿ ಮುದುಕರೊಬ್ಬರು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಆ ಹುಡುಗರಿಗೂ ಹಿಗ್ಗು. ಅವರಲ್ಲೊಬ್ಬ ನಮ್ಮ ಹುಡುಗನ ಭುಜ ತಟ್ಟಿ, “ಕಂಬಕ್ಕೆ ಹೊಡೆದೆಯಲ್ಲ, ಅದು ಗೋಲೇ ಆಗಬೇಕಿತ್ತು ಗುರು” ಎಂದ. ಇವನ ಅಳು ಅರ್ಧಕ್ಕೆ ನಿಂತಿತು.

ಮನೆಗೆ ಬರುವಾಗ ರಿಕ್ಷಾದಲ್ಲಿ ಮಗ ಮೆಲ್ಲಗೆ ಕೇಳಿದ: “ಮುತ್ತಾತ, ನಾವು ಸೋತದ್ದಕ್ಕೆ ನಿನಗೆ ಬೇಜಾರಾ, ಅವರು ಗೆದ್ದದ್ದಕ್ಕೆ ಖುಷಿಯಾ?”

ತಾತ ಅವನ ತಲೆಯ ಮೇಲೆ ಕೈಯಿಟ್ಟರು. “ಗೆದ್ದವರು ನನ್ನ ಊರಿನವರು. ಚೆನ್ನಾಗಿ ಆಡಿದವನು ನನ್ನ ಮನೆಯವನು. ಎರಡು ಊರು ಇರುವವನಿಗೆ ಸೋಲೆಲ್ಲಿಯದು ಕಣೋ!”